ಬಾಗಿಲ ಕೆಮ್ಮು

ಸುಂದರವ್ವನ ಮನೆಗೆ ಉದ್ದ ನಂಬರಿನ ಫೋನು ಬಂದ ದಿನ ಒಲೆಯ ಮೇಲಿನ ರೊಟ್ಟಿ ಸುಟ್ಟು ಕರಕಾಗುವುದು ನಿಶ್ಚಯ. ಉದ್ದ ನಂಬರೆಂದರೆ ಶಾರ್ಜಾ, ಶಾರ್ಜಾ ಎಂದರೆ ಕಿರಿಮಗ ಗೌರೀಶ. ಅಂದೂ ಹಾಗೇ ಆಯಿತು. ಹಿರಿಮಗ ನಿಂಗರಾಜ ಸವದತ್ತಿಯ ಕಚೇರಿಗೆ ಹೊರಡುವ ಮುಂಚೆ ಊಟಕ್ಕೆ ಕುಳಿತಿದ್ದ. ಅವನ ಹೆಂಡತಿ ಮೀನಾ ಬಡಿಸುತ್ತಿದ್ದಳು. ಒಳಗೆ ಒಲೆಯ ಮುಂದೆ ಗೌರೀಶನ ಹೆಂಡತಿ ಸಪ್ನಾ ರೊಟ್ಟಿ ಬಡಿಯುತ್ತಿದ್ದಳು. ಗೂಡಿನಲ್ಲಿದ್ದ ಮೊಬೈಲು ಹೊಡೆದುಕೊಂಡಿತು.

"ಅಣ್ಣಾ, ಮಾಫಿ ಬಿಟ್ಟಾರ!"

"ಏನ ಬಿಟ್ಟಾರ? ಜರಾ ಜೋರಾಗಿ ಮಾತಾಡೋ."

"ಮಾಫಿ! ಕಾಗದಪತ್ರ ಇಲ್ದವ್ರು ಯಾರರ ಇದ್ರ ಸುಮ್ನ ತಮ್ಮ ತಮ್ಮ ದೇಶಕ್ಕ ಹೋಗ್ರಿ ಅಂತ ಇಲ್ಲಿ ಸರಕಾರ ಹೇಳೈತಿ. ಜೇಲಿಲ್ಲ, ದಂಡ ಇಲ್ಲ. ದೀಪಾವಳಿ ಒಳಗ ಹೋಗಬೇಕು ಅಷ್ಟ. ಅವ್ವಗ ಹೇಳು, ಅಣ್ಣಾ. ನಾ ಬರಾಕ ಹತ್ತೇನಿ."

ನಿಂಗರಾಜ ಫೋನನ್ನು ತಾಯಿಯ ಕಿವಿಗೆ ಹಿಡಿದ. ಸುಂದರವ್ವ "ಯಪ್ಪಾ... ಯಪ್ಪಾ..." ಎಂದಷ್ಟೇ ಅಂದು ಅಳತೊಡಗಿದಳು. ಮೀನಾ ಒಳಗೆ ಓಡಿದಳು. "ಸಪ್ನಾ, ಬರ್ತಾನಂತ ನಿನ್ನ ಗಂಡ!" ಸಪ್ನಾ ಹಿಟ್ಟಿನ ಕೈಯಲ್ಲೇ ಗೋಡೆ ಹಿಡಿದು ನಿಂತಳು. ಗೋಡೆಯ ಮೇಲೆ ಐದು ಬೆರಳು ಮೂಡಿದವು. ಹಂಚಿನ ಮೇಲಿನ ರೊಟ್ಟಿ ಹೊಗೆಯಾಡಿತು.

ಸಂಪಗಾಂವದ ಆ ಓಣಿಯಲ್ಲಿ ಗೌರೀಶ ಪರದೇಶದಲ್ಲಿ ದುಡಿಯುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಯಾವ ಹೆಸರಿನಲ್ಲಿ ದುಡಿಯುತ್ತಾನೆಂದು ಈ ಮನೆಯವರಿಗೆ ಮಾತ್ರ ಗೊತ್ತಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟಿಗೆ ಆಗ ನಮ್ಮ ಸರಕಾರದ ಒಂದು ಶಿಕ್ಕೆ ಬೀಳುತ್ತಿತ್ತು. ಆ ಶಿಕ್ಕೆ ಬಿದ್ದವರು ಅರಬರ ದೇಶಕ್ಕೆ ದುಡಿಯಲು ಹೋಗಬೇಕಾದರೆ ಇನ್ನೊಂದು ಕಚೇರಿಯ ಪರವಾನಗಿ ಬೇಕು. ಗೌರೀಶ ಗಣಿತದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದವನು. ನಿಂಗರಾಜ ಪಾಸಾಗಿದ್ದ. ಏಜಂಟ ಎಂಬ ಮಹಾಶಯ ಲಾಡ್ಜಿನ ಕೋಣೆಯಲ್ಲಿ ಎಲೆಯಡಿಕೆ ಜಗಿಯುತ್ತ, "ಹೆಸರು ಅಣ್ಣಂದು, ಫೋಟೋ ತಮ್ಮಂದು. ಅಣ್ಣ-ತಮ್ಮ ಅಂದ್ರ ಒಂದ ಅಲ್ಲೇನ್ರಿ?" ಎಂದ. ಆಗಿನ್ನೂ ಬದುಕಿದ್ದ ತಂದೆ ನಿಜಗುಣಪ್ಪ ಗೋಣು ಹಾಕಿದ. ಒಂದೇ ಅಂಗಿಯನ್ನು ಇಬ್ಬರೂ ತೊಟ್ಟು ಬೆಳೆದವರು, ಹೆಸರನ್ನೂ ಹಾಗೇ ತೊಟ್ಟರಾಯಿತು ಎಂದುಕೊಂಡರು. ಅದು ಸುಳ್ಳೆಂದು ಆ ಮನೆಯಲ್ಲಿ ಯಾರಿಗೂ ಅನಿಸಲೇ ಇಲ್ಲ.

ಹೀಗೆ ಗೌರೀಶ ನಿಂಗರಾಜನಾಗಿ ವಿಮಾನ ಹತ್ತಿದ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅಲ್ಲಿ ಅವನನ್ನು ಕರೆಸಿಕೊಂಡ ಕಂಪನಿ ಮುಚ್ಚಿತು, ಮಾಲಕ ಎಲ್ಲರ ಪಾಸ್‌ಪೋರ್ಟುಗಳ ಸಮೇತ ನಾಪತ್ತೆಯಾದ. ವೀಸಾದ ಅವಧಿ ತೀರಿತು. ಅವತ್ತಿನಿಂದ ಗೌರೀಶ ಆ ದೇಶದಲ್ಲಿ ಕಳ್ಳ. ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಬೆಳಕು ಹರಿಯುವ ಮುಂಚೆ ಚೀಲ ಹೊರುವುದು, ತಪಾಸಣೆಯವರ ಗಾಡಿ ಕಂಡರೆ ಹಿಂದಿನ ಗೋಡೆ ಜಿಗಿಯುವುದು, ಜ್ವರ ಬಂದರೆ ದವಾಖಾನೆಯ ಬದಲು ಗುಳಿಗೆ ನುಂಗಿ ಮಲಗುವುದು. ನಿಜಗುಣಪ್ಪ ತೀರಿಕೊಂಡಾಗ ಮಣ್ಣಿಗೆ ಬರಲಾಗಲಿಲ್ಲ. ತಂದೆಯ ಸರಕಾರಿ ನೌಕರಿ ನಿಂಗರಾಜನಿಗೆ ಸಿಕ್ಕಿತು. ಅಲ್ಲಿಗೆ ಒಬ್ಬ ನಿಂಗರಾಜ ಸವದತ್ತಿಯಲ್ಲಿ ದಿನಾ ಹಾಜರಿ ಹಾಕುತ್ತಿದ್ದ, ಇನ್ನೊಬ್ಬ ನಿಂಗರಾಜ ಶಾರ್ಜಾದಲ್ಲಿ ಅಡಗಿಕೊಂಡು ತಿರುಗುತ್ತಿದ್ದ.

ಮಾಫಿಯ ಸುದ್ದಿ ಬಂದ ಸಂಜೆ ನಿಂಗರಾಜನ ಮುಖ ಸಪ್ಪಗಿತ್ತು. ಬಸ್ಸಿಳಿದು ಬಂದವನು ಕಾಲು ತೊಳೆಯದೆ ಪಡಸಾಲೆಯಲ್ಲಿ ಕುಳಿತ.

"ಯವ್ವಾ, ಅವಂಗ ಪಾಸ್‌ಪೋರ್ಟ್ ಇಲ್ಲ. ಅಲ್ಲೇ ನಮ್ಮ ದೇಶದ ಕಚೇರಿಯವ್ರು ಊರಿಗೆ ಹೋಗಾಕ ಒಂದು ಕಾಗದ ಕೊಡ್ತಾರಂತ. ಅದಕ್ಕ ಇಲ್ಲಿ ಪೊಲೀಸರು ಮನೀಗೆ ಬಂದು ವಿಚಾರಣಿ ಮಾಡಬೇಕು, ಇವಾ ನಿಮ್ಮಾಂವ ಹೌದೋ ಅಲ್ಲೋ ಅಂತ."

"ಮಾಡ್ಲಿ ಬಿಡು. ನಮ್ಮಾಂವ ಅಂತ ಹೇಳೂಣು. ಅದಕ್ಕೇನ ಬಾಯಿ ನೋಯ್ತೈತೇನು?"

"ಅವರು ಕೇಳೂದು ನಿಂಗರಾಜನ್ನ. ನಿಂಗರಾಜ ಇಲ್ಲೆ ಚಾ ಕುಡ್ಯಾಕ ಹತ್ತ್ಯಾನ."

ಸುಂದರವ್ವ ಅವನ ಕೈಯಲ್ಲಿದ್ದ ಬಟ್ಟಲನ್ನೇ ನೋಡಿದಳು. "ಹಂಗಾದ್ರ ಖರೇ ಹೆಸರು ಹೇಳ್ಲಿ."

"ಹೇಳಾಕ ಬರೂದಿಲ್ಲಂತ. ಅಲ್ಲಿ ಕಂಪ್ಯೂಟರಿನ್ಯಾಗ ಅವನ ಹೆಬ್ಬಟ್ಟು ನಿಂಗರಾಜ ಅನ್ನೂ ಹೆಸರಿಗೆ ಕುಂತೈತಿ. ಬ್ಯಾರೆ ಹೆಸರು ಹೇಳಿದ್ರ ನೀ ಯಾರು, ಹೆಂಗ ಬಂದಿ ಅಂತ ಹಿಡೀತಾರ. ಇಲ್ಲಿ ನನ್ನೂ ಹಿಡೀತಾರ."

ಒಳಗೆ ಪಾತ್ರೆ ತಿಕ್ಕುವ ಸಪ್ಪಳ ನಿಂತಿತು. ಸಪ್ನಾ ಕೇಳುತ್ತಿದ್ದಾಳೆಂದು ಎಲ್ಲರಿಗೂ ತಿಳಿಯಿತು.

ಸುಂದರವ್ವ ಓದಿದವಳಲ್ಲ, ಆದರೆ ದಾರಿ ಹುಡುಕುವುದರಲ್ಲಿ ಗಟ್ಟಿಗಿತ್ತಿ. "ಹಂಗಾದ್ರ ನೀ ಗೌರೀಶ ಆಗು," ಎಂದಳು. "ಪೊಲೀಸ ಬಂದಾಗ ಒಂದ ಗಳಿಗಿ. ಹಿರೇಮಗ ನಿಂಗರಾಜ ಶಾರ್ಜಾದಾಗ ಅದಾನು, ಇವಾ ಸಣ್ಣಾಂವ ಅಂತ ನಾ ಹೇಳತೇನಿ. ಹೊಸಾ ಹವಾಲ್ದಾರ ಬಂದಾನಂತ, ಅವಂಗೇನ ನಮ್ಮ ಮನೀ ಗುರುತಿಲ್ಲ."

ಮೀನಾ ಅಲ್ಲೇ ಸೆಟೆದು ನಿಂತಳು. "ಅಂದ್ರ ಇವರು ಸಪ್ನಾನ ಗಂಡ ಆಗಬೇಕು? ನಾ ಗಂಡ ದೇಶದಾಗ ಇಲ್ದಾಕಿ ಆಗಬೇಕು?"

"ಒಂದ ಗಳಿಗಿ ಅಂದೆ."

"ಒಂದ ಗಳಿಗಿ ಅಂತ ತಾಳಿ ಅದಲ ಬದಲ ಮಾಡಾಕ ಬರ್ತೈತೇನ್ರಿ ಅತ್ತಿ? ನಾಳೆ ಓಣ್ಯಾಗ ಮಂದಿ ಏನಂತಾರು?"

"ಮಂದಿ ನನ್ನ ಮಗನ್ನ ತಂದು ಕೊಡ್ತಾರೇನು? ಆರು ವರ್ಷ ಆತು ಅವನ ಮಾರಿ ನೋಡಿ. ನಿನ್ನ ಗಂಡ ದಿನಾ ಸಂಜೀಕ ಮನೀಗೆ ಬರ್ತಾನ, ನಿನಗೇನ ತಿಳೀತೈತಿ?"

ಮೀನಾ ಒಪ್ಪಿಕೊಂಡಳು. ಅವಳ ಬಾಯಿ ಚುರುಕು, ಮನಸ್ಸು ಕೆಟ್ಟದ್ದಲ್ಲ. ಸಪ್ನಾ ಅಂದು ಟ್ರಂಕಿನಿಂದ ಗಂಡನ ಅಂಗಿಗಳನ್ನು ತೆಗೆದು ಮೊದಲೇ ಒಗೆದಿಟ್ಟಿದ್ದವನ್ನೇ ಮತ್ತೆ ಒಗೆದು ಹಿತ್ತಲಲ್ಲಿ ಹರವಿದ್ದನ್ನು ಅವಳು ನೋಡಿದ್ದಳು.

ತಾಲೀಮು ಶುರುವಾಯಿತು. ಸುಂದರವ್ವ ಗಂಡನ ಹಳೆಯ ಟೋಪಿ ಹಾಕಿಕೊಂಡು ಹವಾಲ್ದಾರನಾದಳು. "ಏನವಾ, ನಿನ್ನ ಗಂಡ ಎಲ್ಲಿ?" ಮೀನಾ ನಗು ತಡೆದುಕೊಂಡು, "ಶಾರ್ಜಾದಾಗ ಅದಾರ್ರಿ ಸಾಹೇಬ್ರ," ಎನ್ನುವಳು. ಪಕ್ಕದ ಮನೆಯ ಶಂಕ್ರೆಪ್ಪನಿಗೂ ಹೇಳಿಕೊಟ್ಟಾಯಿತು. ಅಷ್ಟೆಲ್ಲ ಸರಿಯಾಗಿಯೇ ನಡೆಯಿತು. ಸಪ್ನಾನ ಸರದಿ ಬಂದಾಗ ಮಾತ್ರ ಗಾಡಿ ಕೆಸರಿನಲ್ಲಿ ಸಿಕ್ಕಿಕೊಂಡಿತು.

ಇದಕ್ಕೊಂದು ಕಾರಣ ಇತ್ತು. ಸಪ್ನಾ ರಾಮದುರ್ಗದವಳು, ತಂದೆಯ ಅರಿವೆ ಅಂಗಡಿಯಲ್ಲಿ ಕುಳಿತು ಗಿರಾಕಿಗಳ ಜೊತೆ ಮಾತಾಡಿಕೊಂಡು ಬೆಳೆದ ಹುಡುಗಿ. ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಬರೀ ತಲೆಯಲ್ಲಿ ನಿಂಗರಾಜನ ಮುಂದೆ ನಿಂತು, "ಭಾವಾರ, ಇನ್ನೊಂದ ರೊಟ್ಟಿ ಹಾಕ್ಲೇನ್ರಿ?" ಎಂದು ಕೇಳಿಬಿಟ್ಟಿದ್ದಳು. ಸುಂದರವ್ವ ಓಣಿಗೆಲ್ಲ ಕೇಳುವಂತೆ ಬೈದಳು. "ಗಂಡನ ಅಣ್ಣನ ಮುಂದ ಸೆರಗ ಇಲ್ದ ನಿಲ್ಲಾಕ ನಿನ್ನ ತವರ ಮನೀ ಅಂಗಡಿ ಅಲ್ಲಿದು! ಮೈದುನನ ಜೋಡಿ ನಗು, ಬ್ಯಾಡ ಅಂದವ್ರಿಲ್ಲ. ಭಾವ ಅಂದ್ರ ಮಾವ ಇದ್ದಂಗ." ಅವತ್ತಿನಿಂದ ಸಪ್ನಾ ಭಾವನ ಮುಂದೆ ಹಾಯಲಿಲ್ಲ. ನಿಂಗರಾಜ ಬಾಗಿಲಲ್ಲಿ ಒಮ್ಮೆ ಕೆಮ್ಮುತ್ತಿದ್ದ. ಕೆಮ್ಮು ಕೇಳಿದೊಡನೆ ಅವಳು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಒಳಗೆ ಸರಿಯುತ್ತಿದ್ದಳು. ಅವಳು ಸರಿಯುವವರೆಗೆ ಅವನು ಹೊಸ್ತಿಲಲ್ಲೇ ನಿಲ್ಲುತ್ತಿದ್ದ. ಹೀಗೆ ಆರು ವರ್ಷ ಒಂದೇ ಸೂರಿನಡಿ ಇದ್ದು ಅವರಿಬ್ಬರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿರಲಿಲ್ಲ. ಆ ಕಡೆಯ ಮನೆಗಳಲ್ಲಿ ಇದೇನು ಹೊಸದಲ್ಲ.

"ತಂಬಿಗಿ ಕೊಡು, 'ಬಂದ್ರೇನ್ರಿ' ಅನ್ನು," ಎಂದು ಸುಂದರವ್ವ ಹೇಳಿಕೊಟ್ಟಳು. ಸಪ್ನಾ ಕಣ್ಣು ಕಾಣದೆ ತಂಬಿಗೆ ಓರೆ ಮಾಡಿ ನೀರು ಚೆಲ್ಲಿದಳು, ಮುಖವೆಲ್ಲ ಸೆರಗಿನೊಳಗೆ.

"ಗಂಡಗ ಹಿಂಗ ನೀರ ಕೊಡ್ತಾರೇನ? ಸೆರಗ ತಗಿ! ಮಾರಿ ಮ್ಯಾಲ ಮಾಡು!"

ನಿಂಗರಾಜ ಕಂಬ ನೋಡುತ್ತ ನಿಂತಿದ್ದ. "ಯವ್ವಾ, ಇದೆಲ್ಲ ಬ್ಯಾಡ," ಎಂದ.

"ನೀನೂ ಆಕೀ ಕಡೆ ನೋಡೋ! ಕಂಬಾನ ಮದಿವಿ ಆಗೀಯೇನು?"

ಮೀನಾಗೆ ನಗು ತಡೆಯಲಾಗಲಿಲ್ಲ. ಸಪ್ನಾಗೂ ಸೆರಗಿನೊಳಗೆ ನಗು ಬಂತು. ನಿಂಗರಾಜನೂ ನಕ್ಕ. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕು ಎಷ್ಟು ದಿನವಾಗಿತ್ತೋ. ಆಮೇಲೆ ಹಿತ್ತಲಲ್ಲಿ ಸಪ್ನಾ ಮೀನಾಗೆ ಹೇಳಿದಳು, "ಅಕ್ಕಾ, ಬುದ್ಧಿ ಹೇಳಿದ್ದು ಕೈಗೆ ತಿಳ್ಯಾಕ ಒಲ್ಲದು. ಭಾವಾರ ಸಪ್ಪಳ ಬಂದ್ರ ತಾನ ತಲೀಗೆ ಹೋಗತೈತಿ."

"ನಿನ್ನ ಗಂಡನ್ನ ನೆನಸ್ಕೊ. ಅವಾ ಬಂದಂಗ ತಿಳ್ಕೊ," ಎಂದಳು ಮೀನಾ.

ಸಪ್ನಾ ತೊಯ್ದ ಸೀರೆಯ ಅಂಚು ಹಿಂಡಿದಳು. "ಅದ ತ್ರಾಸ ಆಗೈತಿ ಅಕ್ಕಾ. ಮದಿವಿ ಫೋಟೋದಾಗಿನ ಮಾರಿ ಅಷ್ಟ ನೆನಪಾಗತೈತಿ. ನಕ್ಕ್ರ ಹೆಂಗ ಕಾಣ್ತಿದ್ರು ಅನ್ನೂದು ಹೋಗಿಬಿಟ್ಟೈತಿ."

ಮಹಾನವಮಿ ಹತ್ತಿರ ಬಂದಾಗ ಹವಾಲ್ದಾರ ಮಲಕಾಜಪ್ಪ ಬಂದ. ದಪ್ಪ ಮೀಸೆ, ಮೆಲುದನಿ. ನಿಂಗರಾಜ ರಜೆ ಹಾಕಿಕೊಂಡು ಅವನಿಗಾಗಿಯೇ ಕಾಯುತ್ತಿದ್ದವನು ಅದೇ ಹೊತ್ತಿಗೆ ಹೊಲಕ್ಕೆ ಹೋಗಿದ್ದ. ಶಂಕ್ರೆಪ್ಪ ಕರೆತರಲು ಓಡಿದ.

ಸುಂದರವ್ವ ಹವಾಲ್ದಾರನಿಗೆ ಚಾಪೆ ಹಾಸಿದಳು. ಅವನು ರೇಷನ್ ಕಾರ್ಡು ನೋಡಿದ, ಹೆಸರುಗಳು ಸರಿಯಿದ್ದವು. ಚೀಲದಿಂದ ಒಂದು ಫೋಟೋ ತೆಗೆದು ಅವಳ ಮುಂದೆ ಹಿಡಿದ. "ಇವರು ಯಾರ್ರಿ ಯವ್ವಾ?"

ಫೋಟೋದಲ್ಲಿ ಕೆನ್ನೆ ಒಳಸೇರಿದ, ಕಿವಿಯ ಬಳಿ ಕೂದಲು ಬೆಳ್ಳಗಾದ ಗಂಡಸೊಬ್ಬನಿದ್ದ. ಸುಂದರವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೇಳಬೇಕಾದ ಹೆಸರು ಬಿಟ್ಟು "ನನ್ನ ಮಗಾರಿ," ಎಂದಳು. ಆಮೇಲೆ, "ಹಿರೇಮಗ. ನಿಂಗರಾಜ. ಹೊಟ್ಟಿಗೆ ಇಲ್ಲೇನ್ರಿ ಅವಂಗ? ಹಿಂಗ್ಯಾಕ ಆಗ್ಯಾನ?" ಎಂದು ಅತ್ತಳು. ಆ ಅಳುವಿನಲ್ಲಿ ಸುಳ್ಳಿರಲಿಲ್ಲ, ಮಲಕಾಜಪ್ಪ ಮುಖ ತಗ್ಗಿಸಿ ಬರೆದುಕೊಂಡ.

ಸಪ್ನಾ ಚಹಾ ತಂದಳು. ಹೇಳಿದ ಹಾಗೆಯೇ ತಲೆಯ ಮೇಲೆ ಸೆರಗಿರಲಿಲ್ಲ.

"ಇವರು?"

"ಸಣ್ಣ ಮಗನ ಹೆಂಡ್ತಿರಿ. ಅವಾ ಹೊಲಕ್ಕ ಹೋಗ್ಯಾನ, ಬರಾಕ ಹತ್ತ್ಯಾನ."

"ಏನ ತಂಗೀ, ನಿಮ್ಮ ಭಾವಾರ ಫೋನ್ ಬರ್ತೈತೇನು ಅಲ್ಲಿಂದ?"

"ಬರ್ತೈತ್ರಿ," ಎಂದಳು ಸಪ್ನಾ. ಸ್ವರ ಗಟ್ಟಿಯಾಗಿಯೇ ಇತ್ತು. ಒಳಬಾಗಿಲಲ್ಲಿ ನಿಂತಿದ್ದ ಮೀನಾ ಉಸಿರು ಬಿಟ್ಟಳು. ಎಲ್ಲ ಸುಸೂತ್ರವಾಗಿತ್ತು, ಇನ್ನೊಂದು ಸಹಿ ಬಿದ್ದರೆ ಮುಗಿಯುತ್ತಿತ್ತು.

ಆಗ ಬಾಗಿಲಲ್ಲಿ ಕೆಮ್ಮು ಕೇಳಿಸಿತು.

ಸಪ್ನಾ ಎಡಗೈಯಲ್ಲಿ ಚಹಾದ ತಾಟು ಹಿಡಿದಿದ್ದಳು. ಬಲಗೈ ಸೆರಗನ್ನು ಮೂಗಿನವರೆಗೆ ಎಳೆಯಿತು, ಕಾಲು ಗೋಡೆಗುಂಟ ಸರಿದು ಅವಳನ್ನು ಒಳಗೆ ಒಯ್ದಿತು. ಹೊಸ್ತಿಲಲ್ಲಿ ನಿಂಗರಾಜ, ಅವಳ ಸೀರೆಯ ಅಂಚು ಮರೆಯಾಗುವವರೆಗೆ ಬೇರೆ ಕಡೆ ಮುಖ ಮಾಡಿ ನಿಂತ. ಆಮೇಲೆ ಒಳಗೆ ಬಂದು ಕೈ ಮುಗಿದ. "ನಮಸ್ಕಾರ್ರಿ. ನಾ ಗೌರೀಶ."

ಮಲಕಾಜಪ್ಪ ಚಹಾದ ಬಟ್ಟಲನ್ನು ಕೆಳಗಿಟ್ಟ. ಒಳಬಾಗಿಲ ಕಡೆ ನೋಡಿದ, ನಿಂಗರಾಜನ ಕಡೆ ನೋಡಿದ.

"ನಿಮ್ಮ ಹೆಂಡ್ತೀನ್ನ ಕರೀರಿ."

ನಿಂಗರಾಜನ ಬಾಯಿಂದ ಸಪ್ನಾನ ಹೆಸರು ಹೊರಡಲಿಲ್ಲ. ಆರು ವರ್ಷದಲ್ಲಿ ಒಮ್ಮೆಯೂ ಅವನು ಅದನ್ನು ಕರೆದವನಲ್ಲ.

"ಕುಂಡ್ರ್ರಿ," ಎಂದ ಮಲಕಾಜಪ್ಪ. "ನಾನೂ ಇದ ಕಡ್ಯಾಂವ. ನಮ್ಮ ಮನ್ಯಾಗೂ ತಮ್ಮನ ಹೆಂಡ್ತಿ ಅದಾಳ. ನಾನೂ ಕೆಮ್ಮೇ ಒಳಗ ಹೋಗತೇನಿ. ಈಗ ಖರೇ ಹೇಳ್ರಿ, ನೀವು ಯಾರು?"

ಸುಂದರವ್ವ ಅವನ ಕಾಲಿಗೆ ಬಿದ್ದಳು. ಅವನು ಗಾಬರಿಯಾಗಿ ಕಾಲೆಳೆದುಕೊಂಡ. ಎಲ್ಲವನ್ನೂ ಹೇಳಿದರು. ಕೇಳಿ ಮುಗಿದ ಮೇಲೆ ಅವನು ಬಹಳ ಹೊತ್ತು ಮೀಸೆ ತಿರುವಿದ.

"ಕಂಡೂ ಕಾಣದಂಗ ಬರ್ದ ಕೊಟ್ರ ನನ್ನ ನೌಕರಿ ಹೋಗತೈತ್ರಿ. ಒಂದ ದಾರಿ ಐತಿ. ಮುಂದಿನ ಸಂತೀ ದಿನದ ತನಕ ಕಾಗದ ನನ್ನ ಹತ್ರ ಇಟಗೊಂಡಿರತೇನಿ. ಅಷ್ಟರಾಗ ಠಾಣಾಕ ಬಂದು, ನನ್ನ ಹೆಸರ ಮ್ಯಾಲ ಹೋದಾಂವ ನನ್ನ ತಮ್ಮ ಗೌರೀಶ ಅಂತ ನೀವು ಬರ್ದ ಕೊಡ್ರಿ. ನಾ ಅದನ್ನ ಹಂಗ ಕಳಸತೇನಿ. ಅಲ್ಲಿಯವ್ರು ಕಾಗದ ಕೊಟ್ರೂ ಕೊಡಬಹುದು."

"ನನಗ ಏನಾಗತೈತ್ರಿ?" ನಿಂಗರಾಜ ಕೇಳಿದ.

"ಕೇಸ್ ಆಗತೈತಿ. ನೌಕರಿದು ಏನಾಗತೈತೋ ನನಗ ಗೊತ್ತಿಲ್ಲ. ಸುಳ್ಳ ಧೈರ್ಯ ಹೇಳೂದಿಲ್ಲ."

"ಬರದಿದ್ರ?"

"ಈ ಹೆಸರಿನಾಂವ ಇಲ್ಲೇ ಮನ್ಯಾಗ ಅದಾನ ಅಂತ ಬರೀತೇನಿ. ಅಲ್ಲಿದ್ದಾಂವ ಯಾರೋ ನಮಗ ಗೊತ್ತಿಲ್ಲ ಅಂತ ಆಗತೈತಿ. ನನ್ನ ಕೈಯಾಗ ಇರೂದು ಇಷ್ಟರಿ."

ಅವನು ಹೋದ ಮೇಲೆ ಸುಂದರವ್ವ ಒಳಗೆ ನುಗ್ಗಿದಳು. ಸಪ್ನಾ ಒಲೆಯ ಪಕ್ಕ ಇನ್ನೂ ಮುಸುಕು ಹಾಕಿಕೊಂಡೇ ಕುಳಿತಿದ್ದಳು.

"ನಿನ್ನ ಕೈಗೆ ಏನ ಬಂದಿತ್ತ? ಇಷ್ಟ ದಿನ ಹೇಳಿ ಕೊಟ್ಟೆ! ನಿನ್ನ ಗಂಡನ್ನ ನೀನ ಕಳಕೊಂಡಿ!"

ಸಪ್ನಾ ತನ್ನ ಬಲಗೈಯನ್ನು ಎಡಗೈಯಿಂದ ಹೊಡೆದುಕೊಂಡಳು, ಮತ್ತೆ ಮತ್ತೆ ಹೊಡೆದುಕೊಂಡಳು. ಮೀನಾ ಬಂದು ಆ ಕೈ ಹಿಡಿದಳು.

"ಆಕೀನ್ನ ಯಾಕ ಬೈತೀರಿ ಅತ್ತಿ? ಕೆಮ್ಮಿದವ್ರು ಯಾರು? ಗಂಡ ತನ್ನ ಮನೀಗೆ ತಾ ಬರುವಾಗ ಕೆಮ್ಮತಾನೇನು? ಆಕೀಗೆ ಸೆರಗ ಕಲಿಸಿದವ್ರು ಯಾರು? ಓಣೀ ಮಂದೀನ್ನ ಕೂಡಿಸಿ ಕಲಿಸಿದ್ರಿ, ಮರ್ತ್ರೇನು?"

ಸುಂದರವ್ವ ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತಳು. ಆ ದಿನ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಮಹಾನವಮಿಯ ದಿನಗಳು ಹಾಗೇ ಹೋದವು. ಬನ್ನಿ ಕೊಡಲು ಬಂದವರಿಗೆ ಮೀನಾ ಒಬ್ಬಳೇ ಎದುರಾದಳು. ಅತ್ತ ನಿಂಗರಾಜ ಮುಂಜಾನೆ ಬೇಗ ಹೊರಟುಬಿಡುತ್ತಿದ್ದ, ಬುತ್ತಿಯನ್ನೂ ಒಯ್ಯುತ್ತಿರಲಿಲ್ಲ. ಮೊದಲು ನೆಗೆಣ್ಣಿಯ ಪರ ಜಗಳವಾಡಿದ ಮೀನಾಳೇ ಈಗ ಗಂಡನ ಪರ ನಿಂತಳು.

"ಬರ್ದ ಕೊಟ್ರ ನಾಳೆ ಇವರ ಕೈಗೆ ಬೇಡಿ ಬಿದ್ರ? ಅವಾ ಬರ್ತಾನು ಅನ್ನೂದು ಖಾತ್ರಿ ಇಲ್ಲ, ಇವರು ಹೋಗ್ತಾರು ಅನ್ನೂದು ಖಾತ್ರಿ. ನೀವ ಹೇಳ್ರಿ ಅತ್ತಿ, ಮನೀ ಹೆಂಗ ನಡೀತೈತಿ?"

"ನನ್ನ ಏನ ಕೇಳ್ತಿ? ಒಂದು ಬಲಗಣ್ಣು, ಒಂದು ಎಡಗಣ್ಣು. ಯಾವದು ತಗೀಲಿ ಅಂತ ಕೇಳ್ತಿ?"

ಸಪ್ನಾ ಅತ್ತೆಯ ಕಾಲ ಬಳಿ ಕುಳಿತಳು. "ನೀವು ಒಂದ ಮಾತ ಹೇಳಿದ್ರ ಭಾವಾರು ಹೋಗ್ತಾರ್ರಿ ಅತ್ತಿ. ನಿಮ್ಮ ಮಾತ ಮೀರೂದಿಲ್ಲ. ಹೇಳ್ರಿ."

ಸುಂದರವ್ವ ಅವಳ ತಲೆಯ ಮೇಲೆ ಕೈಯಿಟ್ಟಳು. ಸಂಜೆ ಮಗ ಬಂದಾಗ ಹೇಳಬೇಕೆಂದು ಎದ್ದು ಹೋದವಳು, "ಹಸದಿ ಏನಪಾ?" ಎಂದಷ್ಟೇ ಕೇಳಿ ತಿರುಗಿ ಬಂದಳು.

ನಡುವೆ ಗೌರೀಶನ ಫೋನು ಬಂತು. ಮೀನಾ ಅದನ್ನು ಸಪ್ನಾನ ಕೈಗೆ ಕೊಟ್ಟು ಹಿತ್ತಲಿಗೆ ಕಳಿಸಿದಳು.

"ಏನಾತು? ಅಣ್ಣ ಸರಿಯಾಗಿ ಹೇಳವಲ್ಲ."

"ನಾ ಸೆರಗ ಹೊಚ್ಚಿನ್ರಿ."

"ಏನು?"

"ಭಾವಾರು ಕೆಮ್ಮಿದ್ರು. ಹವಾಲ್ದಾರನ ಮುಂದ ನಾ ಸೆರಗ ಹೊಚ್ಚಿ ಒಳಗ ಹೋದೆ."

ಆ ತುದಿಯಲ್ಲಿ ಯಾರೋ ಬೇರೆ ಭಾಷೆಯಲ್ಲಿ ಕೂಗುತ್ತಿದ್ದರು. "ಹೋಗ್ಲಿ ಬಿಡು. ಅಳಬ್ಯಾಡ," ಎಂದ ಗೌರೀಶ. "ನಾ ಇದ್ದಿದ್ರೂ ನೀ ಹಂಗ ಮಾಡ್ತಿದ್ದಿ. ತಪ್ಪೇನೈತಿ?"

"ಭಾವಾರು ಖರೇ ಬರ್ದ ಕೊಟ್ರ ಆಗತೈತಂತ. ನೀವ ಕೇಳ್ರಿ ಅವರ್ನ."

"ನಾ ಕೇಳೂದಿಲ್ಲ, ಸಪ್ನಾ. ಅವಾ ತಾನ ಮಾಡಿದ್ರ ಮಾಡ್ಲಿ. ಅಪ್ಪ ಸತ್ತಾಗ ಹೆಗಲ ಕೊಟ್ಟಾಂವ ಅವಾ." ಸ್ವಲ್ಪ ತಡೆದು, "ಮಾವಿನ ಗಿಡ ಹೆಂಗೈತಿ?" ಎಂದು ಕೇಳಿದ. ಹಿತ್ತಲಿನ ಮಾವಿನ ಗಿಡ ಹೋಗಿ ಎರಡು ವರ್ಷವಾಗಿತ್ತು. ಚೊಲೋ ಐತ್ರಿ ಎಂದಳು ಸಪ್ನಾ.

ಸಂತೆಯ ದಿನ ನಿಂಗರಾಜ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು ಹೊರಟ. ಎಂದೂ ಇಲ್ಲದ್ದು ತಾಯಿಯ ಕಾಲು ಮುಟ್ಟಿದ. ಹೆಂಗಸರು ಮೂವರೂ ಅವನು ಓಣಿ ದಾಟುವವರೆಗೆ ನೋಡಿದರು. ಠಾಣೆಗೇ ಹೊರಟನೆಂದು ಮೂವರಿಗೂ ಅನಿಸಿತು. ಮೀನಾ ದೇವರ ಗೂಡಿನ ಮುಂದೆ ಕುಳಿತು ಅತ್ತಳು. ಸಪ್ನಾ ಅವಳ ಪಕ್ಕ ಕುಳಿತು ಅವಳಿಗಾಗಿಯೂ ತನಗಾಗಿಯೂ ಅತ್ತಳು.

ದಿನಾ ಬರುವ ಬಸ್ಸಿಗೇ ಅವನು ಬಂದ. ಕೈಯಲ್ಲಿ ಸಂತೆಯ ಚೀಲ, ಚೀಲದ ತುಂಬ ಬದನೆಕಾಯಿ. ಬಾಗಿಲಲ್ಲಿ ಕೆಮ್ಮಿದ.

ಸಪ್ನಾ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು, ಏಳಲಿಲ್ಲ. ಅವನು ಮತ್ತೊಮ್ಮೆ ಕೆಮ್ಮಿದ. ಅವಳು ಮೊರ ಕೆಳಗಿಟ್ಟು, ಬರೀ ತಲೆಯಲ್ಲೇ ಎದ್ದು ಹೊಸ್ತಿಲಿಗೆ ಬಂದಳು.

"ಹೋಗಿದ್ರೇನ್ರಿ ಭಾವಾರ, ಠಾಣಾಕ?"

ನಿಂಗರಾಜ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಬಾಗಲ ತನಕ ಹೋಗಿದ್ದೆ," ಎಂದ. "ಒಳಗ ಹೋಗಾಕ ಆಗಲಿಲ್ಲವಾ. ಕಾಲ ಬರಲಿಲ್ಲ."

ಅವಳು ಬೈಯುತ್ತಾಳೆಂದು ಅವನು ಕಾದ. ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ನೋಡಿದವಳು ಹಾಗೇ ನಿಂತುಬಿಟ್ಟಳು. ಆಮೇಲೆ ಚೀಲ ಇಸಿದುಕೊಂಡಳು. "ಇನ್ನ ಮ್ಯಾಲ ಕೆಮ್ಮಬ್ಯಾಡ್ರಿ. ನಾ ಒಳಗ ಹೋಗೂದಿಲ್ಲ."

ಸುಂದರವ್ವ ಕಟ್ಟೆಯ ಮೇಲಿಂದ ನೋಡುತ್ತಿದ್ದಳು, ಈ ಸಲ ಬೈಯಲಿಲ್ಲ.

ಮಲಕಾಜಪ್ಪನ ವರದಿ ಹೋಯಿತು. ಅಲ್ಲಿನ ಕಚೇರಿ ಗೌರೀಶನಿಗೆ, ಈ ಹೆಸರು ನಿನ್ನದಲ್ಲವಂತೆ ಎಂದಿತು. ಗೌರೀಶ ತನ್ನ ಸ್ವಂತ ಹೆಸರು ಹೇಳಿದ. ಅದಕ್ಕೆ ಆಧಾರವೇನು ಎಂದರು. ಗಡುವು ಮುಗಿಯುವ ಮುಂಚೆ ಒಮ್ಮೆ ಫೋನು ಮಾಡಿದ. ಇನ್ನು ಜೋರು ತಪಾಸಣೆ ಶುರುವಾಗುತ್ತದೆ, ಶಹರದಲ್ಲಿ ಇರಲಾಗುವ ಹಾಗಿಲ್ಲ, ಉಸುಕಿನ ಒಳನಾಡಿನಲ್ಲಿ ಆಡು ಕಾಯುವ ಕೆಲಸವಿದೆ, ಅಲ್ಲಿ ಫೋನು ಸಿಗುವುದಿಲ್ಲ ಎಂದ. "ಮತ್ತ ಯಾವಾಗರ ಮಾಫಿ ಬಿಡ್ತಾರ ಅಣ್ಣಾ," ಎಂದು ತಾನೇ ಸಮಾಧಾನ ಹೇಳಿದ. ನಿಂಗರಾಜ "ಹೂಂ" ಎಂದ.

ದೀಪಾವಳಿಗೆ ಹೋಳಿಗೆ ಮಾಡಿದರು, ಮಾಡದಿದ್ದರೆ ಮಂದಿ ಏಕೆಂದು ಕೇಳುತ್ತಾರಲ್ಲ. ಈಗ ಭಾವನಿಗೆ ಸಪ್ನಾಳೇ ಬಡಿಸುತ್ತಿದ್ದಳು. ಬಡಿಸಿ ಅವನ ಎದುರಿಗೇ ಕುಳಿತುಕೊಳ್ಳುತ್ತಿದ್ದಳು. ಕುಳಿತು ಅವನ ಮುಖ ನೋಡುತ್ತಿದ್ದಳು. ಸಂತೆಯ ದಿನದಿಂದ ಇದೇ ನಡೆದಿತ್ತು. ನಿಂಗರಾಜ ತಾಟಿನಿಂದ ಕಣ್ಣೆತ್ತದೆ ಗಬಗಬನೆ ತಿಂದು ಏಳುತ್ತಿದ್ದ. ಮೀನಾಗೆ ಇರುಸುಮುರುಸಾದರೂ ಬಾಯಿ ಬಿಟ್ಟಿರಲಿಲ್ಲ. ಅಂದು ಸುಂದರವ್ವನಿಗೆ ತಡೆಯಲಾಗಲಿಲ್ಲ.

"ಸಪ್ನಾ, ಹಬ್ಬದ ದಿನಾ ಉಣ್ಣಾಂವನ ಮಾರಿ ಹಂಗ ದುರುಗುಟ್ಟಿ ನೋಡಬಾರದವಾ. ಸಿಟ್ಟಿದ್ರ ನಾಕ ಮಾತ ಬೈದುಬಿಡು. ನನಗೂ ಬೈ. ಹಿಂಗ ನೋಡಬ್ಯಾಡ."

"ಸಿಟ್ಟಿಲ್ರಿ ಅತ್ತಿ," ಎಂದಳು ಸಪ್ನಾ. ಅವಳ ಕಣ್ಣಿನಿಂದ ನೀರಿಳಿಯಿತು, ಒರೆಸಿಕೊಳ್ಳಲಿಲ್ಲ. "ನಮ್ಮವರ ಮಾರಿ ನನಗ ಮರ್ತ ಹೋಗಿತ್ತು. ಅವತ್ತ ಸಂತೀ ದಿನಾ ಭಾವಾರ್ನ ಮದಲನೇ ಸಲ ನೆಟ್ಟಗ ನೋಡಿದೆ. ಅದ ಹುಬ್ಬು, ಅದ ಮೂಗು, ಗದ್ದದಾಗಿನ ಅದ ತಗ್ಗು. ಇಷ್ಟ ವರ್ಷ ಇಲ್ಲೇ ಇತ್ತು, ನಾ ಸೆರಗಿನ್ಯಾಗ ಇದ್ದೆ."

ಮೀನಾ ಹೋಳಿಗೆಯ ಬುಟ್ಟಿ ಹಿಡಿದುಕೊಂಡು ನಿಂತಲ್ಲೇ ನಿಂತಳು. ನಿಂಗರಾಜ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಹಾಕಿದ. ಎದ್ದು ಹೋಗುತ್ತಾನೆಂದು ಸುಂದರವ್ವ ಅಂದುಕೊಂಡಳು, ಅವನು ಏಳಲಿಲ್ಲ. ಮುಖ ಮೇಲೆತ್ತಿ, ಸಪ್ನಾಗೆ ಸರಿಯಾಗಿ ಕಾಣುವ ಹಾಗೆ ಬೆಳಕಿನ ಕಡೆಗೆ ತಿರುಗಿ, ಅವಳು ನೋಡಿ ಮುಗಿಸುವವರೆಗೆ ಹಾಗೇ ಕುಳಿತ.